ಒಂಬತ್ತು ವರ್ಷ ಬಳಸಿದ ಬಾಂಬ್ ರೋಬೋಟ್: ಓಡಿಸಿದವನ ವಿಮರ್ಶೆ

ನಾನು ಪೊಲೀಸರ ಬಾಂಬ್ ಪತ್ತೆ ಮತ್ತು ನಿಷ್ಕ್ರಿಯ ದಳವೊಂದರಲ್ಲಿದ್ದು ನಿವೃತ್ತನಾದವನು. 2014ರಿಂದ 2023ರವರೆಗೆ ಒಂದೇ ರೋಬೋಟ್ ಓಡಿಸಿದ್ದೇನೆ. ಕಾಗದಪತ್ರದಲ್ಲಿ ಅದರ ಹೆಸರು ಆರ್‌ಒವಿ, ಅಂದರೆ ದೂರದಲ್ಲಿ ಕುಳಿತು ನಡೆಸುವ ಗಾಡಿ. ನಾವು ಬಂಡಿ ಅಂತಿದ್ದೆವು. ಯಾವ ಕಂಪನಿಯದ್ದು, ಯಾವ ಊರಿನ ದಳ ಅಂತ ಹೇಳುವುದಿಲ್ಲ, ಹೇಳಬಾರದು ಕೂಡ. ಬೇರೆ ದಳಗಳ ಹುಡುಗರು ಈಗಲೂ ಫೋನ್ ಮಾಡುತ್ತಾರೆ. "ಅಣ್ಣ, ನಮಗೂ ಒಂದು ಬರ್ತಾ ಇದೆ. ಹೆಂಗಿದೆ? ನಿಜವಾಗ್ಲೂ ಉಪಯೋಗಕ್ಕೆ ಬರುತ್ತಾ?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಉಪಯೋಗಕ್ಕೆ ಬರುತ್ತದೆ. ಪ್ರಾಣ ಉಳಿಸುತ್ತದೆ. ಆದರೆ ಪೊಲೀಸ್ ನಾಯಿಗೆ ಒಬ್ಬ ಹ್ಯಾಂಡ್ಲರ್ ಇರುವ ಹಾಗೆ ಇದಕ್ಕೂ ಒಬ್ಬ ಮನುಷ್ಯನನ್ನು ಕೊಡಬೇಕು. ಕೊಡದಿದ್ದರೆ ಎರಡೇ ವರ್ಷದಲ್ಲಿ ಮೂಲೆ ಸೇರುತ್ತದೆ.

ನಮ್ಮ ಬಂಡಿಯ ಅಡಿಯಲ್ಲಿ ಹಿಟಾಚಿಗೆ ಇರುತ್ತದಲ್ಲ, ಅಂಥ ಪಟ್ಟಿ, ಆದರೆ ರಬ್ಬರಿನದು. ಮೇಲೆ ಮಡಚುವ ಒಂದು ಉದ್ದ ಕೈ, ಅದರ ತುದಿಗೆ ಇಕ್ಕಳ. ನಾಲ್ಕು ಕ್ಯಾಮೆರಾ, ಎರಡು ಲೈಟು. ಪಕ್ಕದಲ್ಲಿ ನೀರಿನ ಗನ್ ಕೂರಿಸಲು ಜಾಗ. ಇದನ್ನು ನಾವು ಡಿಸ್‌ರಪ್ಟರ್ ಅಂತೀವಿ. ಅದು ನೀರನ್ನು ಎಷ್ಟು ಜೋರಾಗಿ ಹೊಡೆಯುತ್ತದೆ ಅಂದರೆ, ಒಳಗಿನ ಸರ್ಕ್ಯೂಟ್ ಕೆಲಸ ಶುರು ಮಾಡುವ ಮೊದಲೇ ವೈರು, ಬ್ಯಾಟರಿ ಎಲ್ಲ ಬೇರೆ ಬೇರೆ ಆಗಿ ಚೆದುರಿ ಹೋಗುತ್ತವೆ. ಇಡೀ ಗಾಡಿ ನೂರು ಕೆಜಿಗಿಂತ ಜಾಸ್ತಿ. ವ್ಯಾನಿನಿಂದ ಇಳಿಸಲು ರ‍್ಯಾಂಪ್ ಇಲ್ಲದಿದ್ದರೆ ನಾಲ್ಕು ಜನ ಬೇಕು.

ಬಂಡಿ ಬರುವ ಮೊದಲು ಹೇಗಿತ್ತು ಅಂತ ಗೊತ್ತಿದ್ದರೆ ಇದರ ಬೆಲೆ ಗೊತ್ತಾಗುತ್ತದೆ. ಬಾಂಬ್ ಸೂಟ್ ಸುಮಾರು 35 ಕೆಜಿ ಇರುತ್ತದೆ. ಹಾಕಿಕೊಂಡ ಐದು ನಿಮಿಷಕ್ಕೆ ಬನಿಯನ್ ಒದ್ದೆ. ಉಸಿರಿಗೆ ಮುಖದ ಗಾಜು ಮಂಜಾಗುತ್ತದೆ. ಬಗ್ಗಿದರೆ ಪಾದ ಕಾಣುವುದಿಲ್ಲ. ಅದನ್ನು ಹಾಕಿಕೊಂಡು ಬ್ಯಾಗಿನ ಹತ್ತಿರ ಒಬ್ಬನೇ ನಡೆದು ಹೋಗಬೇಕು. ಒಂದು ಸಲ ಅಲ್ಲ. ನೋಡಲು ಒಂದು ಸಲ, ಎಕ್ಸ್‌ರೇ ಪ್ಲೇಟ್ ಇಡಲು ಇನ್ನೊಂದು ಸಲ, ಡಿಸ್‌ರಪ್ಟರ್ ಇಡಲು ಮತ್ತೊಂದು ಸಲ, ಎಲ್ಲ ಮುಗಿದ ಮೇಲೆ ಖಾತ್ರಿ ಮಾಡಿಕೊಳ್ಳಲು ಕೊನೆಯದಾಗಿ. ನಾಲ್ಕು ನಡಿಗೆ. ಇದರಲ್ಲಿ ಮೊದಲ ಮೂರನ್ನು ಬಂಡಿ ತಾನು ಮಾಡುತ್ತದೆ. ಕೊನೆಯದಕ್ಕೆ ಮನುಷ್ಯನೇ ಹೋಗಬೇಕು, ಅದು ಈಗಲೂ ಹಾಗೇ. ಆದರೆ ನಾಲ್ಕು ಒಂದಾಯಿತು ಅಲ್ವಾ? ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಲಾಭ ಇಲ್ಲ.

ಈ ಯೋಚನೆ ಹುಟ್ಟಿದ್ದೂ ಇಂಥ ಕಷ್ಟದಿಂದಲೇ. 1972ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಕಾರ್ ಬಾಂಬ್ ತೆಗೆಯಲು ಹೋಗಿ ಬ್ರಿಟಿಷ್ ಸೈನ್ಯದ ತಜ್ಞರು ಸಾಯುತ್ತಿದ್ದರು. ಆಗ ಲೆಫ್ಟಿನೆಂಟ್ ಕರ್ನಲ್ ಪೀಟರ್ ಮಿಲ್ಲರ್ ಅನ್ನುವವರು ತೋಟದ ಕೆಲಸಕ್ಕೆ ಬಳಸುವ ಬ್ಯಾಟರಿ ಕೈಗಾಡಿಯ ಅಡಿಭಾಗ ತಂದು ಮೊದಲ ಬಾಂಬ್ ರೋಬೋಟ್ ಮಾಡಿದರು. ಕಾರಿಗೆ ಕೊಕ್ಕೆ ಹಾಕಿ ದೂರದಿಂದ ಹಗ್ಗದಲ್ಲಿ ಎಳೆಯುವುದು, ಮೊದಲು ಅಷ್ಟೇ ಉದ್ದೇಶ. ಹೆಸರೂ ವೀಲ್‌ಬ್ಯಾರೋ ಅಂತಲೇ ಉಳಿಯಿತು. ಕೈಗಾಡಿ ಅಂತ ಅರ್ಥ. ನಮ್ಮ ಹುಡುಗರು ಬಂಡಿ ಅಂತ ಹೆಸರಿಟ್ಟಾಗ ಯಾರಿಗೂ ಈ ಕಥೆ ಗೊತ್ತಿರಲಿಲ್ಲ. ನಮ್ಮ ದೇಶದಲ್ಲಿ ಡಿಆರ್‌ಡಿಒದ ಪುಣೆಯ ಪ್ರಯೋಗಾಲಯ 'ದಕ್ಷ' ಅನ್ನುವ ರೋಬೋಟ್ ಮಾಡಿತು. 2011ರ ಡಿಸೆಂಬರ್‌ನಲ್ಲಿ ಮೊದಲ ಐದು ಸೈನ್ಯದ ಕೈ ಸೇರಿದವು. ನಮ್ಮದು ದಕ್ಷ ಅಲ್ಲ, ಬೇರೆ. ನಾನು ಮುಂದೆ ಹೇಳುವ ದೂರುಗಳನ್ನು ಅದರ ಲೆಕ್ಕಕ್ಕೆ ಸೇರಿಸಬೇಡಿ.

ಒಂದು ಕೆಲಸದ ಕಥೆ ಹೇಳುತ್ತೇನೆ. 2017ರ ಮಳೆಗಾಲ. ಬಸ್ ನಿಲ್ದಾಣದ ಪ್ಲಾಟ್‌ಫಾರ್ಮ್ ಕಂಬದ ಬುಡದಲ್ಲಿ ಕಪ್ಪು ಬ್ಯಾಗು. ಎರಡು ಗಂಟೆಯಿಂದ ಯಾರೂ ಮುಟ್ಟಿಲ್ಲ. ಜನರನ್ನು ಆಚೆ ಕಳಿಸಿ, ಬಂಡಿ ಇಳಿಸಿ, ನಾನು ಗೋಡೆಯ ಹಿಂದೆ ಪರದೆ ಮುಂದೆ ಕುಳಿತೆ. ಪರದೆಯಲ್ಲಿ ಎಲ್ಲವೂ ಚಪ್ಪಟೆ ಕಾಣುತ್ತದೆ. ಇಕ್ಕಳ ಬ್ಯಾಗಿಗೆ ನಾಲ್ಕು ಇಂಚು ದೂರ ಇದೆಯಾ, ನಾಲ್ಕು ಬೆರಳು ಒಳಗೆ ಹೋಗಿದೆಯಾ ಅಂತ ತಿಳಿಯುವುದಿಲ್ಲ. ಹೊಸದಾಗಿ ಓಡಿಸುವವರು ಇಲ್ಲೇ ಎಡವುತ್ತಾರೆ. ಬ್ಯಾಗನ್ನು ತಳ್ಳಿ ಬೀಳಿಸುತ್ತಾರೆ. ನಾನು ಕಲಿತದ್ದು ನೆರಳು ನೋಡುವುದನ್ನು. ಬಂಡಿಯ ಲೈಟ್ ಹಾಕಿದರೆ ಇಕ್ಕಳದ ನೆರಳು ಬ್ಯಾಗಿನ ಮೇಲೆ ಬೀಳುತ್ತದೆ. ಇಕ್ಕಳ ಹತ್ತಿರ ಹೋದಷ್ಟೂ ನೆರಳೂ ಅದರ ಕಡೆ ಬರುತ್ತದೆ. ಎರಡೂ ಸೇರಿದವು ಅಂದರೆ ಮುಟ್ಟಿತು. ಇದು ಕಂಪನಿಯ ಪುಸ್ತಕದಲ್ಲಿ ಇರಲಿಲ್ಲ.

ಅವತ್ತು ನೆರಳು ಸೇರಿತು. ಜಿಪ್ಪಿನ ತುದಿಗೆ ಕಟ್ಟಿದ್ದ ಕೆಂಪು ದಾರ ಇಕ್ಕಳಕ್ಕೆ ಸಿಕ್ಕಿತು. ಮೂರು ಸಲ ಜಾರಿತು. ನಾಲ್ಕನೇ ಸಲ ಹಿಡಿದು, ಬಂಡಿಯನ್ನೇ ಒಂದೊಂದು ಗೇಣು ಹಿಂದೆ ಸರಿಸಿ ಜಿಪ್ ಎಳೆದೆ. ಒಳಗೆ ಸ್ಟೀಲ್ ಟಿಫಿನ್ ಡಬ್ಬಿ, ಮಡಚಿದ ಟವೆಲ್, ಒಂದು ಡ್ರಾಯಿಂಗ್ ಬೋರ್ಡಿನ ಕ್ಲಿಪ್ಪು. ಎಕ್ಸ್‌ರೇ ತೆಗೆದೆವು. ಡಬ್ಬಿಯಲ್ಲಿ ಅನ್ನ. ಕೊನೆಗೆ ಸೂಟ್ ಹಾಕಿಕೊಂಡು ನಾನೇ ಹೋಗಿ ತೆರೆದೆ. ಪಾಲಿಟೆಕ್ನಿಕ್ ಹುಡುಗನ ಬ್ಯಾಗು. ಸಂಜೆ ಅಳುತ್ತಾ ಬಂದ, "ಬಸ್ ಹತ್ತೋ ಗಡಿಬಿಡಿಲಿ ಮರೆತುಬಿಟ್ಟೆ ಸರ್" ಅಂದ. ಬಂಡಿ ಇಲ್ಲದಿದ್ದರೆ ಆ ಬ್ಯಾಗನ್ನು ಡಿಸ್‌ರಪ್ಟರ್‌ನಿಂದ ಹೊಡೆದೇ ಬಿಡುತ್ತಿದ್ದೆವು. ಹತ್ತಿರದಿಂದ ಸಮಾಧಾನವಾಗಿ ನೋಡಲು ಸಿಕ್ಕ ಸಮಯ ಅದನ್ನು ಉಳಿಸಿತು.

ಈಗ ತೊಂದರೆಗಳು.

ಮೊದಲನೆಯದು ಬ್ಯಾಟರಿ. ಕೊಡುವಾಗ ಮೂರು ಗಂಟೆ ಓಡುತ್ತದೆ ಅಂದರು. ಮೊದಲ ವರ್ಷ ಸಮತಟ್ಟು ನೆಲದಲ್ಲಿ ಎರಡೂವರೆ ಗಂಟೆ ಬಂತು. ಮೆಟ್ಟಿಲು ಹತ್ತಿಸಿದರೆ ಅರ್ಧಕ್ಕೆ ಇಳಿಯುತ್ತದೆ. ಐದನೇ ವರ್ಷಕ್ಕೆ 50 ನಿಮಿಷ. ಬಳಸದೆ ಸುಮ್ನೆ ಇಟ್ಟರೆ ಇನ್ನೂ ಬೇಗ ಕೆಡುತ್ತದೆ, ಇದನ್ನು ಯಾರೂ ನಮಗೆ ಒತ್ತಿ ಹೇಳಲಿಲ್ಲ. ಒಂದು ರಾತ್ರಿ ಕರೆ ಬಂತು. ನಾನು ಆಗ ಎರಡು ತಿಂಗಳು ಬೇರೆ ಬಂದೋಬಸ್ತ್ ಕೆಲಸದಲ್ಲಿದ್ದೆ, ಚಾರ್ಜ್ ನೋಡುವವರು ಯಾರೂ ಇರಲಿಲ್ಲ. ವ್ಯಾನ್ ಬಾಗಿಲು ತೆಗೆದು ಸ್ವಿಚ್ ಒತ್ತಿದರೆ ದೀಪವೇ ಹತ್ತಲಿಲ್ಲ. ಸೂಟ್ ಹಾಕಿಕೊಂಡು 60 ಮೀಟರ್ ನಡೆದೆ. ಸಿಕ್ಕಿದ್ದು ಹೊಸ ಕುಕ್ಕರಿನ ಖಾಲಿ ಡಬ್ಬ. ಮನೆಗೆ ಹೋಗಿ ಹೆಂಡತಿಗೆ ಏನೂ ಹೇಳಲಿಲ್ಲ. ಆ 60 ಮೀಟರ್ ಇವತ್ತಿಗೂ ನೆನಪಾಗುತ್ತದೆ, ಕೋಪ ಬರುತ್ತದೆ. ಒಂದು ಪ್ಲಗ್ ಹಾಕಿದ್ದರೆ ಸಾಕಿತ್ತು.

ಎರಡನೆಯದು ಸಿಗ್ನಲ್. ಬಯಲಿನಲ್ಲಿ ಚೆನ್ನಾಗಿ ಓಡುತ್ತದೆ. ಕಬ್ಬಿಣದ ಶಟರ್, ಕಾಂಕ್ರೀಟ್ ನೆಲಮಾಳಿಗೆ ಅಂದರೆ ಚಿತ್ರ ತುಂಡಾಗುತ್ತದೆ. ಇದಕ್ಕಿಂತ ದೊಡ್ಡ ಸಮಸ್ಯೆ ನಮ್ಮದೇ ಜಾಮರ್. ರಿಮೋಟ್ ಬಾಂಬ್ ಸಿಡಿಯದಿರಲಿ ಅಂತ ಜಾಮರ್ ಹಾಕುತ್ತೇವೆ. ಅದು ಬಂಡಿಯ ಸಿಗ್ನಲ್ಲನ್ನೂ ತಿನ್ನುತ್ತದೆ. ಹಾಗಾಗಿ ಕೇಬಲ್ ಬೇಕೇ ಬೇಕು. ಬಂಡಿ ಮುಂದೆ ಹೋದಂತೆ ಹಿಂದಿನ ರೀಲಿನಿಂದ ತೆಳ್ಳಗಿನ ಫೈಬರ್ ಕೇಬಲ್ ಬಿಚ್ಚಿಕೊಳ್ಳುತ್ತದೆ. ಹಿಂದಕ್ಕೆ ಬರುವಾಗ ಅದೇ ಕೇಬಲ್ ಪಟ್ಟಿಗೆ ಸುತ್ತಿಕೊಂಡರೆ ಮುಗಿಯಿತು. ಎರಡು ಸಲ ಹಾಗೆ ಆಗಿದೆ. ನೀವು ಹೊಸದು ತಗೊಳ್ಳುತ್ತಿದ್ದರೆ ಕೇಬಲ್ ರೀಲ್ ಜೊತೆಗೇ ಬರುತ್ತದಾ, ಬೇರೆ ದುಡ್ಡು ಕೊಡಬೇಕಾ ಅಂತ ಮೊದಲೇ ಕೇಳಿ.

ಮೂರನೆಯದು ರಿಪೇರಿ. ಎಎಂಸಿ, ಅಂದರೆ ಕಂಪನಿ ಜೊತೆಗಿನ ವಾರ್ಷಿಕ ರಿಪೇರಿ ಒಪ್ಪಂದ, ಇದ್ದಾಗಲೂ ಎಂಜಿನಿಯರ್ ಬೇರೆ ರಾಜ್ಯದಿಂದ ಬರಬೇಕು. ಇಕ್ಕಳದ ಕ್ಯಾಮೆರಾದ ಒಂದು ವೈರ್ ಹೋದಾಗ ಬಿಡಿಭಾಗ ಬರಲು ಏಳು ತಿಂಗಳು ಬೇಕಾಯಿತು. ಏಳು ತಿಂಗಳು ಒಂದು ಕಣ್ಣು ಕುರುಡು. ಬಂದ ಹುಡುಗ ಒಳ್ಳೆಯವನು, ಊಟ ಬಿಟ್ಟು ಕೆಲಸ ಮಾಡಿದ. ತಪ್ಪು ಅವನದ್ದಲ್ಲ. ಬಿಡಿಭಾಗ ಇಲ್ಲೇ ಇಟ್ಟುಕೊಳ್ಳಬೇಕು ಅಂತ ಒಪ್ಪಂದದಲ್ಲೇ ಬರೆಸಬೇಕಿತ್ತು.

ಮೆಟ್ಟಿಲಿನ ಬಗ್ಗೆ ಒಂದೇ ಮಾತು. ಸಿಮೆಂಟ್ ಮೆಟ್ಟಿಲು ಸಲೀಸು. ಒದ್ದೆ ಗ್ರಾನೈಟ್ ಮೆಟ್ಟಿಲು ನಂಬಬೇಡಿ.

2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯಲ್ಲಿ ಎನ್‌ಎಸ್‌ಜಿಯ ಬಾಂಬ್ ನಿಷ್ಕ್ರಿಯ ದಳದ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ತೀರಿಕೊಂಡರು. ಸತ್ತ ಉಗ್ರನ ದೇಹದ ಬಳಿ ಇದ್ದ ಸ್ಫೋಟಕ ಸಿಡಿಯಿತು. ಬೆಂಗಳೂರಿನಲ್ಲಿ ಬೆಳೆದವರು. ಅವರ ದೇಹವನ್ನು ಬೆಂಗಳೂರಿಗೆ ತಂದಾಗ ನಮ್ಮ ದಳದಲ್ಲಿ ಯಾರೂ ಮಾತಾಡಲಿಲ್ಲ. ಗುಂಡಿನ ಚಕಮಕಿ ನಡೆದ ಜಾಗದ ಕಷ್ಟ ಬೇರೆ, ಬಸ್ ನಿಲ್ದಾಣದ ಕಷ್ಟ ಬೇರೆ. ಅಲ್ಲಿ ಏನು ಮಾಡಬಹುದಿತ್ತು ಅಂತ ಹೇಳುವ ಅರ್ಹತೆ ನನಗಿಲ್ಲ. ಆದರೆ ಅವತ್ತಿನಿಂದ ನಾನು ಅಭ್ಯಾಸ ಬಿಡಲಿಲ್ಲ.

ನಮ್ಮ ಶ್ವಾನದಳದ ಗೆಳೆಯನನ್ನು ನೋಡಿ ಕಲಿತೆ. ಅವನ ನಾಯಿಗೆ ಅವನೇ ಹ್ಯಾಂಡ್ಲರ್. ಬೆಳಗ್ಗೆ ಓಡಿಸುವುದು, ಊಟ, ತರಬೇತಿ, ಎಲ್ಲದಕ್ಕೂ ರಿಜಿಸ್ಟರ್. ಅವನು ರಜೆ ಹೋದರೆ ಯಾರು ನೋಡಿಕೊಳ್ಳಬೇಕು ಅನ್ನುವುದೂ ಬರೆದಿರುತ್ತದೆ. ಬಂಡಿಗೆ ಇದ್ದದ್ದು ಒಂದು ಟಾರ್ಪಾಲು. ಹಾಗಾಗಿ ನಾನೇ ಒಂದು ನೋಟ್‌ಬುಕ್ ಶುರು ಮಾಡಿದೆ. ವಾರಕ್ಕೆ ಎರಡು ದಿನ ಬೆಳಗ್ಗೆ 40 ನಿಮಿಷ ಓಡಿಸುವುದು. ನೀರು ತುಂಬಿದ ಸ್ಟೀಲ್ ಲೋಟ ಚೆಲ್ಲದೆ ಎತ್ತಿ ಮೂರನೇ ಮೆಟ್ಟಿಲಿನ ಮೇಲೆ ಇಡುವುದು. ಹಳೇ ಶಾಲಾ ಬ್ಯಾಗಿನ ಜಿಪ್ ತೆಗೆಯುವುದು. ಆಮೇಲೆ ಚಾರ್ಜ್ ಎಷ್ಟು, ಎಷ್ಟು ಹೊತ್ತು ಓಡಿತು ಅಂತ ಬರೆಯುವುದು. ಲೋಟ ಚೆಲ್ಲದೆ ಇಡಲು ನನಗೆ ಐದು ತಿಂಗಳು ಬೇಕಾಯಿತು.

2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಬಾಂಬ್ ಇದ್ದ ಬ್ಯಾಗ್ ಸಿಕ್ಕಿತು. ಅದನ್ನು ವಿಶೇಷ ವಾಹನದಲ್ಲಿ ಕೆಂಜಾರಿನ ಮೈದಾನಕ್ಕೆ ಒಯ್ದು ಸಂಜೆ ಸ್ಫೋಟಿಸಿದರು. ಟಿವಿಯಲ್ಲಿ ನೋಡುತ್ತಾ ನಮ್ಮ ಇನ್‌ಸ್ಪೆಕ್ಟರ್ ಕೇಳಿದರು, "ನಿಮ್ಮ ಬಂಡಿ ಈಗ ಹೊರಡು ಅಂದ್ರೆ ಹೊರಡುತ್ತೇನ್ರೀ?" ನೋಟ್‌ಬುಕ್ ತೆಗೆದು ತೋರಿಸಿದೆ. ಎರಡು ದಿನದ ಹಿಂದಿನ ಚಾರ್ಜ್ ಅದರಲ್ಲಿತ್ತು. ಮರುವಾರವೇ ಹೊಸ ಬ್ಯಾಟರಿಗೆ ಪತ್ರ ಹೋಯಿತು.

ಇನ್ನೊಂದು ವಿಷಯ ಹೇಳಲೇಬೇಕು. 2016ರ ಜುಲೈನಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಐದು ಪೊಲೀಸರನ್ನು ಕೊಂದವನನ್ನು ಅಲ್ಲಿನ ಪೊಲೀಸರು ಇಂಥದ್ದೇ ರೋಬೋಟಿನ ಕೈಗೆ ಸ್ಫೋಟಕ ಕೊಟ್ಟು ಕೊಂದರು. 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಆಡಳಿತ ಇಂಥ ಬಳಕೆಗೆ ಒಪ್ಪಿಗೆ ಕೊಟ್ಟು, ಜನ ವಿರೋಧಿಸಿದ ಮೇಲೆ ಒಂದೇ ವಾರದಲ್ಲಿ ಹಿಂದೆ ಸರಿಯಿತು. ಸಹೋದ್ಯೋಗಿಗಳನ್ನು ಕಳೆದುಕೊಂಡವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಬಂಡಿಯ ಕೈಗೆ ಬಾಂಬ್ ಕೊಡುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಆ ಕೈಯಿಂದ ನಾನು ಒಂಬತ್ತು ವರ್ಷ ಮಾಡಿದ್ದು ಬಾಂಬ್ ತೆಗೆಯುವ ಕೆಲಸ. ಪರದೆಯಲ್ಲಿ ನಾಲ್ಕು ಇಂಚು ದೂರವೇ ಗೊತ್ತಾಗದ ಯಂತ್ರಕ್ಕೆ ಮನುಷ್ಯನ ಪ್ರಾಣದ ತೀರ್ಮಾನ ಕೊಡಬಾರದು.

ಅಂಕ ಕೊಡಿ ಅಂದರೆ 5ಕ್ಕೆ 4 ಕೊಡುತ್ತೇನೆ. ಬ್ಯಾಟರಿ ಮತ್ತು ಬಿಡಿಭಾಗಕ್ಕೆ ಒಂದು ಕಳೆದಿದ್ದೇನೆ. ಹ್ಯಾಂಡ್ಲರ್ ಇಲ್ಲದ ದಳಕ್ಕೆ ಇದು ಬೇಡ. ಆ ದುಡ್ಡಲ್ಲಿ ಇನ್ನೆರಡು ಒಳ್ಳೆಯ ಸೂಟ್ ತಗೊಳ್ಳಿ.

ನಿವೃತ್ತಿಯ ಹಿಂದಿನ ದಿನ ನೋಟ್‌ಬುಕ್ಕನ್ನು ನಮ್ಮ ದಳದ ಮಹಿಳಾ ಕಾನ್‌ಸ್ಟೆಬಲ್ ಒಬ್ಬರ ಕೈಗೆ ಕೊಟ್ಟೆ. ಬಂಡಿ ಈಗ ಅವರದ್ದು. ಕಳೆದ ತಿಂಗಳು ಫೋನ್ ಮಾಡಿದ್ದರು. "ಸರ್, ಲೋಟ ಮೂರನೇ ಮೆಟ್ಟಿಲ ತನಕ ಹೋಗ್ತಾ ಇದೆ, ಇಡುವಾಗ ಚೆಲ್ಲುತ್ತೆ. ಏನ್ ಮಾಡ್ಲಿ?" ಲೈಟನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಲೋಟದ ತಳದ ನೆರಳು ನೋಡಿ ಇಳಿಸಮ್ಮ ಅಂದೆ.