ಬಂಗ್ಲಾ ಸಾಹಿಬ್ ಅಥವಾ ಸೀಸ್ ಗಂಜ್: ದೆಹಲಿಯಲ್ಲಿ ಯಾವ ಗುರುದ್ವಾರಕ್ಕೆ ಹೋಗಬೇಕು?

ಮಕ್ಕಳು, ಹಿರಿಯರು ಜೊತೆಗಿದ್ದರೆ ಬಂಗ್ಲಾ ಸಾಹಿಬ್‌ಗೇ ಹೋಗಿ. ಪಟೇಲ್ ಚೌಕ್ ಮೆಟ್ರೋ ನಿಲ್ದಾಣದಿಂದ ನಡೆದೇ ತಲುಪಬಹುದು. ವಿಶಾಲವಾದ ಸರೋವರದ ಅಂಚಿನಲ್ಲಿ ನಿರಾಳವಾಗಿ ಕೂರಬಹುದು. ಸಿಖ್ಖರ ಎಂಟನೆಯ ಗುರು, ಬಾಲಗುರು ಹರ್‌ಕ್ರಿಷನ್ 1664ರಲ್ಲಿ ತಂಗಿದ್ದು ಇಲ್ಲಿದ್ದ ರಾಜಾ ಜಯಸಿಂಹನ ಬಂಗಲೆಯಲ್ಲಿ. ಸಿಡುಬು ಹಬ್ಬಿದ್ದ ಊರಿನ ರೋಗಿಗಳಿಗೆ ಅವರು ಇಲ್ಲಿನ ಬಾವಿಯ ನೀರು ಕೊಟ್ಟು ಉಪಚರಿಸಿದರೆಂದು ಸಿಖ್ಖರು ನಂಬುತ್ತಾರೆ. ಭಕ್ತರು ಇಂದಿಗೂ ಆ ನೀರನ್ನು ತೀರ್ಥವೆಂದು ಒಯ್ಯುತ್ತಾರೆ.

ಸೀಸ್ ಗಂಜ್‌ನಲ್ಲಿ ಆ ನಿರಾಳತೆ ಇಲ್ಲ. ಚಾಂದನಿ ಚೌಕದ ಜನಜಂಗುಳಿಯನ್ನು ದಾಟಿಯೇ ಒಳಹೋಗಬೇಕು. ಆದರೆ ಇತಿಹಾಸಕ್ಕಾಗಿ ಹೋಗುವವರಿಗೆ ನನ್ನ ಆಯ್ಕೆ ಇದೇ. 1675ರಲ್ಲಿ ಔರಂಗಜೇಬನ ಆಜ್ಞೆಯಂತೆ ಒಂಬತ್ತನೆಯ ಗುರು ತೇಗ್ ಬಹಾದೂರರ ಶಿರಚ್ಛೇದವಾದದ್ದು ಇಲ್ಲಿ. ಕಾಶ್ಮೀರಿ ಪಂಡಿತರ, ಅಂದರೆ ತಮ್ಮದಲ್ಲದ ಧರ್ಮದವರ, ಪರವಾಗಿ ನಿಂತು ಅವರು ಪ್ರಾಣ ಕೊಟ್ಟರೆಂದು ಸಿಖ್ ಪರಂಪರೆ ಸ್ಮರಿಸುತ್ತದೆ. ಅಂಥ ತ್ಯಾಗ ನಡೆದ ನೆಲದ ಮೇಲೆ ನಿಂತು ಕೀರ್ತನೆ ಕೇಳುವುದೇ ಬೇರೆ ಅನುಭವ. ಕೆಂಪುಕೋಟೆ ನೋಡಲು ಹೇಗೂ ಹೋಗುವವರಿಗೆ ಇದು ದಾರಿಯಲ್ಲೇ ಸಿಗುತ್ತದೆ.

ಎರಡೂ ಕಡೆ ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು, ಚಪ್ಪಲಿ ಹೊರಗಿಡಬೇಕು. ಲಂಗರ್‌ನಲ್ಲಿ, ಅಂದರೆ ಗುರುದ್ವಾರದ ಸಾಮೂಹಿಕ ಭೋಜನಶಾಲೆಯಲ್ಲಿ, ಊಟ ಉಚಿತ. ಯಾವ ಜಾತಿ, ಯಾವ ಮತ ಎಂದು ಯಾರೂ ಕೇಳುವುದಿಲ್ಲ. ರೊಟ್ಟಿಯನ್ನು ಎರಡೂ ಕೈ ಚಾಚಿ ಪಡೆಯಿರಿ.