ಪಂಚೆ ಮೇಲೆ ಯಾವ ಕೋಟು? ಶಿವಮೊಗ್ಗದಲ್ಲಿ ಸಿಗುವ ಮೂರು ಬಗೆ, ಅವುಗಳ ಗುಣ-ದೋಷ

ಗಾಂಧಿ ಬಜಾರಿರಲಿ, ದುರ್ಗಿಗುಡಿ ಇರಲಿ, ‘ಪಂಚೆ ಮೇಲೆ ಹಾಕೋಕೆ ಒಂದು ಕೋಟು ತೋರಿಸಿ’ ಎಂದರೆ ಮೊದಲು ಕೌಂಟರ್ ಮೇಲೆ ಬಂದು ಬೀಳುವುದು ರೆಡಿಮೇಡ್ ಜೋಧಪುರಿ, ಅಂದರೆ ಕತ್ತಿನವರೆಗೆ ಗುಂಡಿ ಇರುವ ಕೋಟು. ಕೊಳ್ಳುವವರೂ ಪ್ಯಾಂಟ್ ಮೇಲೆಯೇ ಹಾಕಿ, ಭುಜ ಎದೆ ಸರಿ ಇದೆಯೇ ಎಂದು ಕನ್ನಡಿ ನೋಡಿ, ಕಟ್ಟಿಸಿಕೊಂಡು ಬರುತ್ತಾರೆ. ಮದುವೆ ದಿನ ಎಂಟು ಮೊಳದ ಪಂಚೆ ಉಟ್ಟು ಅದನ್ನು ತೊಟ್ಟಾಗ ಕೊನೆಯ ಗುಂಡಿ ಕೂರುವುದಿಲ್ಲ. ಬಲವಂತವಾಗಿ ಹಾಕಿದರೆ ಹೊಟ್ಟೆಯ ಮೇಲೆ ಅಡ್ಡಡ್ಡ ಸುಕ್ಕು. ಕೋಟು ಕೆಟ್ಟದ್ದೇನಲ್ಲ, ಅದನ್ನು ಕತ್ತರಿಸಿದ್ದೇ ಪ್ಯಾಂಟಿಗೆ.

ಲೆಕ್ಕ ನೋಡಿ. ಎಂಟು ಮೊಳ ಎಂದರೆ ಸುಮಾರು 3.6 ಮೀಟರ್ ಬಟ್ಟೆ. ಸುತ್ತಿ, ಮಡಚಿ, ಬಿಗಿದು ಸಿಕ್ಕಿಸಿದ ಮೇಲೆ ಸೊಂಟದ ಸುತ್ತಳತೆ ಎರಡರಿಂದ ಮೂರು ಇಂಚು ಏರುತ್ತದೆ. ಕಚ್ಚೆ ಹಾಕುವವರಿಗೆ ಮುಂದೆ ನೆರಿಗೆಯ ಕಟ್ಟು, ಹಿಂದೆ ಕಚ್ಚೆಯ ಕಟ್ಟು, ಎರಡು ಕಡೆ ಉಬ್ಬು. ಪಂಚೆ ಕಟ್ಟುವುದೂ ಪ್ಯಾಂಟಿಗಿಂತ ಮೇಲೆ, ಹೊಕ್ಕುಳ ಹತ್ತಿರ. ಹಾಗಾಗಿ ಕೋಟು ಆರಿಸುವಾಗ ಭುಜಕ್ಕಿಂತ ಮೊದಲು ನೋಡಬೇಕಾದದ್ದು ಅದರ ಕೆಳಗಿನ ಅಂಚು ಎಲ್ಲಿ ಬಂದು ನಿಲ್ಲುತ್ತದೆ ಎನ್ನುವುದನ್ನು.

ಸ್ಕಾಟ್‌ಲೆಂಡಿನವರು ತಮ್ಮ ಸೊಂಟಕ್ಕೆ ಸುತ್ತುವ ನೆರಿಗೆಯ ಉಡುಪಾದ ಕಿಲ್ಟ್‌ಗೆ ಇದನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ಸಮಾರಂಭದ ಕಿಲ್ಟ್‌ಗೆ ಎಂಟು ಗಜ, ಅಂದರೆ ಏಳು ಮೀಟರಿಗೂ ಹೆಚ್ಚು ಬಟ್ಟೆ ಹೋಗುತ್ತದೆ. ಅದನ್ನೂ ಪ್ಯಾಂಟಿಗಿಂತ ಮೇಲೆಯೇ ಕಟ್ಟುತ್ತಾರೆ. ಅದಕ್ಕೆ ಅವರ ಆರ್ಗೈಲ್ ಜಾಕೆಟ್ ಆಗಲಿ, ಸಂಜೆಯ ಔತಣಕ್ಕೆ ಹಾಕುವ ಪ್ರಿನ್ಸ್ ಚಾರ್ಲಿ ಆಗಲಿ, ಸೂಟ್ ಕೋಟಿಗಿಂತ ಗಿಡ್ಡ. ಮುಂದೆ ನೇತಾಡುವ ಸ್ಪೋರನ್ ಚೀಲ ಮುಚ್ಚಿಹೋಗದಂತೆ ಮುಂಭಾಗವನ್ನು ಕತ್ತರಿಸಿರುತ್ತಾರೆ. ಆದರೆ ಆ ಕಟ್ ಹಾಗೇ ಎತ್ತಿ ತಂದರೆ ನಮಗೆ ಆಗಿಬರುವುದಿಲ್ಲ. ಕಿಲ್ಟ್‌ಗೆ ನೆರಿಗೆ ಹಿಂದೆ, ಮುಂದೆ ಚಪ್ಪಟೆ. ನಮ್ಮದು ತಿರುಗುಮುರುಗು. ಗಿಡ್ಡ ಇರಬೇಕು ಎನ್ನುವಷ್ಟನ್ನು ತೆಗೆದುಕೊಂಡರೆ ಸಾಕು.

ಈಗ ಜೋಧಪುರಿಗೆ ಬರೋಣ. ಮಧ್ಯಮ ಎತ್ತರದವರಿಗೆ ಬರುವ ರೆಡಿಮೇಡ್ ಉದ್ದ 29–30 ಇಂಚು. ಪಂಚೆ ಉಟ್ಟಾಗ ಮೈ ಅತಿ ಅಗಲವಾಗಿರುವ ಜಾಗಕ್ಕೇ ಅಂಚು ಬಂದು ಕೂರುತ್ತದೆ. ಹಿಂದೆ ನಡುವಿನಲ್ಲಿ ಒಂದೇ ಓಪನ್ (ಅಂಚಿನ ಸೀಳು) ಇದ್ದರಂತೂ ಅದು ಕಚ್ಚೆಯ ಮೇಲೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಅಕ್ಕಪಕ್ಕ ಎಂಟು ಇಂಚಿನ ಸೈಡ್ ಓಪನ್ ಇರುವುದನ್ನೇ ಕೇಳಿ, ಅಂಗಡಿಗೆ ಪಂಚೆ ಉಟ್ಟುಕೊಂಡೇ ಹೋಗಿ. ಇನ್ನೊಂದು ತೊಂದರೆ ಪೇಸ್ಟಿಂಗ್‌ನದು. ಅಗ್ಗದ ಕೋಟಿನಲ್ಲಿ ಎದೆಯ ಒಳಗಿನ ಕ್ಯಾನ್ವಾಸನ್ನು ಹೊಲಿದಿರುವುದಿಲ್ಲ, ಬಿಸಿಯಲ್ಲಿ ಅಂಟಿಸಿರುತ್ತಾರೆ. ಎರಡು ಮಳೆಗಾಲದ ಶೀತ, ನಾಲ್ಕು ಸಲ ಸ್ಟೀಮ್ ಇಸ್ತ್ರಿ ಕಂಡರೆ ಅಂಟು ಬಿಟ್ಟು ಎದೆಯ ಮೇಲೆ ಗುಳ್ಳೆ ಏಳುತ್ತದೆ. ಆಮೇಲೆ ಅದಕ್ಕೆ ಮದ್ದಿಲ್ಲ. ಕೊಳ್ಳುವಾಗ ಎದೆಯ ಜಾಗದಲ್ಲಿ ಹೊರಬಟ್ಟೆ, ಒಳಬಟ್ಟೆಗಳನ್ನು ಬೆರಳಲ್ಲಿ ಚಿವುಟಿ ಎಳೆದು ನೋಡಿ: ನಡುವೆ ಇನ್ನೊಂದು ಪದರ ಸಡಿಲವಾಗಿ ಜಾರಿದರೆ ಹೊಲಿದದ್ದು, ಹಪ್ಪಳದ ಹಾಗೆ ಸೆಟೆದಿದ್ದರೆ ಅಂಟಿಸಿದ್ದು. ಒಂದೇ ರಿಸೆಪ್ಷನ್ನಿಗೆ ಬೇಕಾದರೆ ಇದನ್ನು ಬಾಡಿಗೆಗೆ ತರುವುದೇ ಜಾಣತನ.

ಎರಡನೆಯದು ತೋಳಿಲ್ಲದ್ದು: ನೆಹರೂ ಜಾಕೆಟ್, ಈಗ ಊರೆಲ್ಲ ಕರೆಯುವಂತೆ ಮೋದಿ ಕೋಟು. ಮಲೆನಾಡಿನ ಮದುವೆಗೆ ಇದರಷ್ಟು ಹೊಂದುವುದು ಇನ್ನೊಂದಿಲ್ಲ. ನೆಲಕ್ಕೆ ಕೂತು ಪಂಕ್ತಿ ಊಟ ಮಾಡುವಾಗ ತೋಳು ಸಾರಿಗೆ ಅದ್ದುವ ಭಯವಿಲ್ಲ, ಏಪ್ರಿಲ್-ಮೇ ಸೆಕೆಯಲ್ಲಿ ಕಂಕುಳು ನೆನೆಯುವುದಿಲ್ಲ. ಅಂಚು ಪಂಚೆಯ ಕಟ್ಟಿನಿಂದ ಎರಡು ಇಂಚು ಕೆಳಗೆ ನಿಲ್ಲಬೇಕು. ಹೆಚ್ಚಿನವರಿಗೆ ಅದು 24ರಿಂದ 26 ಇಂಚು ಉದ್ದ. ಒಳಗಿನ ಶರ್ಟು ಅಥವಾ ಜುಬ್ಬಾ ಜಾಕೆಟ್‌ನ ಕೆಳಗೆ ನಾಲ್ಕು ಇಂಚಿಗಿಂತ ಹೆಚ್ಚು ಇಣುಕಬಾರದು. ಮೊಣಕಾಲಿನ ಜುಬ್ಬಾ ಹಾಕಿ ಮೇಲೆ ಗಿಡ್ಡ ಜಾಕೆಟ್ ತೊಟ್ಟು ಕೆಳಗೆ ಪಂಚೆ ಉಟ್ಟರೆ ಮೂರು ಮೆಟ್ಟಿಲಾಗಿ, ಆಳು ಇದ್ದದ್ದಕ್ಕಿಂತ ಕುಳ್ಳ ಕಾಣುತ್ತಾನೆ.

ಇದನ್ನು ಹೊಲಿಸುವುದಾದರೆ ಬಟ್ಟೆಗೆ ಸಾಗರದ ಕಡೆ ಹೋಗಿ. ಹೆಗ್ಗೋಡಿನ ‘ಚರಕ’ ಸಂಸ್ಥೆಯ ಕೈಮಗ್ಗದ ಹತ್ತಿ ಬಟ್ಟೆ, ಅದರಲ್ಲೂ ಅಡಿಕೆ ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಕೆಂಗಂದು ಬಣ್ಣದ್ದು, ಬಿಳಿ ಪಂಚೆಯ ಪಕ್ಕದಲ್ಲಿ ಕರಿ ಟೆರಿವೂಲಿಗಿಂತ ಚೆಂದ. ಆದರೆ ಕೆಲವು ಎಚ್ಚರ ಬೇಕು. ಕೈಮಗ್ಗದ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ. ಕತ್ತರಿಸುವ ಮೊದಲು ಒಂದು ರಾತ್ರಿ ತಣ್ಣೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ. ಪನ್ನ (ಬಟ್ಟೆಯ ಅಗಲ) ಅಳೆದು ನೋಡಿಯೇ ಕೊಳ್ಳಿ: 36 ಇಂಚಿನ ಪನ್ನಕ್ಕೆ ಎರಡು ಮೀಟರ್ ಬೇಕು, 58 ಇಂಚಿನದಾದರೆ ಒಂದೂಕಾಲು ಸಾಕು. ಚೊಗರಿನಲ್ಲಿ ಒಗರಿನ ಅಂಶ ಇರುವುದರಿಂದ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ತುಕ್ಕು ಹಿಡಿದ ಗುಂಡುಸೂಜಿ ಚುಚ್ಚಿಟ್ಟರೆ, ಕಬ್ಬಿಣದ ಪ್ರೆಸ್ ಬಟನ್ ಹಾಕಿದರೆ ಸುತ್ತ ಕರಿ ಚುಕ್ಕೆ ಬಂದು ಅಲ್ಲೇ ಉಳಿಯುತ್ತದೆ. ತೆಂಗಿನ ಚಿಪ್ಪಿನ ಅಥವಾ ಮರದ ಗುಂಡಿ ಹಾಕಿಸಿ, ಕಾಜವನ್ನು ಕೈಯಲ್ಲೇ ಹೊಲಿಸಿ.

ಮೂರನೆಯದು ಉದ್ದದ ಕ್ಲೋಸ್ ಕಾಲರ್ ಕೋಟು. ಹಳೆಯ ಫೋಟೊಗಳಲ್ಲಿ ಕಚ್ಚೆ, ಪೇಟದ ಜತೆ ಕಾಣುತ್ತದಲ್ಲ, ಅದೇ. ಉದ್ದ 36–38 ಇಂಚು. ಉಬ್ಬುಗಳನ್ನೆಲ್ಲ ಒಳಗೆ ಹಾಕಿಕೊಂಡು ನೇರ ಇಳಿಯುವುದರಿಂದ ಕಚ್ಚೆಗೆ ಇದೇ ಸರಿ. ರೆಡಿಮೇಡ್ ಸಿಕ್ಕುವುದು ಕಷ್ಟ, ಹೊಲಿಸಲೇಬೇಕು. ದೊಡ್ಡ ಪನ್ನದ ಬಟ್ಟೆ ಎರಡೂವರೆ ಮೀಟರ್ ತನ್ನಿ. ಟೈಲರ್ ಎದುರು ಪಂಚೆ ಉಟ್ಟುಕೊಂಡು ಸೀಟಿನ (ಪೃಷ್ಠದ ಸುತ್ತಿನ) ಅಳತೆ ಕೊಡಿ, ಅದರ ಮೇಲೆ ಮೂರು ಇಂಚು ಸಡಿಲ ಬಿಡಿಸಿ. ಕೊನೆಯ ಗುಂಡಿ ಹೊಕ್ಕುಳಿಗಿಂತ ಕೆಳಗೆ ಬೇಡ. ಮಣೆ ಮೇಲೆ ಕೂತಾಗ ಕೆಳಗಿನ ಭಾಗ ಎರಡು ಕಡೆ ಬಿಚ್ಚಿಕೊಳ್ಳಬೇಕು. ಕಾಲರ್ ಎತ್ತರ ಒಂದೂಕಾಲು ಇಂಚು ದಾಟಿದರೆ ತಲೆ ಬಗ್ಗಿಸಿದಾಗಲೆಲ್ಲ ಗಂಟಲು ಒತ್ತುತ್ತದೆ. ಲೈನಿಂಗ್ ಬೆನ್ನಿನ ಅರ್ಧಕ್ಕೆ ಮಾತ್ರ, ಅದೂ ಹತ್ತಿಯದು. ಪೂರ್ತಿ ಪಾಲಿಯೆಸ್ಟರ್ ಲೈನಿಂಗ್ ಹಾಕಿಸಿಕೊಂಡವರು ಕಲ್ಯಾಣ ಮಂಟಪದಲ್ಲಿ ಫ್ಯಾನ್ ಹುಡುಕಿಕೊಂಡು ಓಡಾಡುವುದನ್ನು ಯಾವ ಮದುವೆಯಲ್ಲಾದರೂ ನೋಡಬಹುದು. ಹೋಮದ ಮುಂದೆ ಕೂರುವವರಿಗೆ ಹೊರಬಟ್ಟೆಯೂ ಪಾಲಿಯೆಸ್ಟರ್ ಬೇಡ. ಒಂದು ಕಿಡಿ ಹಾರಿದರೆ ಕರಗಿ ತೂತು ಬೀಳುತ್ತದೆ.

ಟೈಲರ್‌ಗಳ ವಿಷಯ: ಕಚ್ಚಾ ಹೊಲಿಗೆ ಹಾಕಿ ಒಮ್ಮೆ ಟ್ರಯಲ್ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ‘ಪಂಚೆಗಾ? ಎಲ್ಲ ಒಂದೇ ಸಾರ್’ ಎಂದು ಟೇಪು ಎತ್ತಿಕೊಳ್ಳುವವರ ಹತ್ತಿರ ಬಟ್ಟೆ ಕೊಡದೆ ಎದ್ದು ಬನ್ನಿ. ಮದುವೆ ಸೀಸನ್ನಿನಲ್ಲಿ ಕೈಗೆ ಸಿಗದವರು ಆಷಾಢದಲ್ಲಿ ಬಿಡುವಾಗಿರುತ್ತಾರೆ, ಆಗಲೇ ಕೊಟ್ಟರೆ ಕೆಲಸ ಅಚ್ಚುಕಟ್ಟು. ಯಾವ ಬಗೆಯಾದರೂ ಒಳಜೇಬು ಎರಡು ಇರಲಿ. ಪಂಚೆಗೆ ಜೇಬಿಲ್ಲದ ಕಾರಣ ಮೊಬೈಲು, ಪರ್ಸು, ಕಾರಿನ ಕೀಲಿ ಎಲ್ಲ ಕೋಟಿಗೇ ಬರುತ್ತದೆ. ಒಂದೇ ಕಡೆ ತುಂಬಿದರೆ ಕಾಲರ್ ಓರೆಯಾಗುತ್ತದೆ. ಜೇಬಿರುವ ವೆಲ್ಕ್ರೋ ಪಂಚೆ ಉಡುವವರಿಗೆ ಈ ರಗಳೆ ಇಲ್ಲ. ಸೊಂಟದ ದಪ್ಪವೂ ಕಡಿಮೆ, ಅವರಿಗೆ ಮೊದಲು ಬೈದ ಜೋಧಪುರಿಯೂ ನಡೆಯುತ್ತದೆ.

ಮೇ ಮುಗಿದು ಒಳಗಿಟ್ಟ ಕೋಟನ್ನು ತುಳಸಿ ಹಬ್ಬ ಕಳೆದ ಮೇಲೆ ತೆಗೆದರೆ ಕಾಲರ್ ತುಂಬ ಬೂಸಲು ಎನ್ನುವುದು ತೀರ್ಥಹಳ್ಳಿ, ಹೊಸನಗರದ ಮನೆಗಳ ಮಾಮೂಲಿ ಕತೆ. ಬೆವರಿನ ಕಲೆ ತೆಗೆಸದೆ ಇಡಬೇಡಿ. ಡ್ರೈಕ್ಲೀನ್ ಅಂಗಡಿಯ ಪ್ಲಾಸ್ಟಿಕ್ ಕವರನ್ನು ಆ ದಿನವೇ ಎಸೆದು, ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ, ಅಗಲ ಭುಜದ ಹ್ಯಾಂಗರಿಗೆ ನೇತುಹಾಕಿ. ಮಳೆ ಹೊಳವಾದಾಗಲೆಲ್ಲ ಒಂದು ಗಂಟೆ ಜಗುಲಿಯಲ್ಲಿ ಗಾಳಿಗಿಡಿ; ಚೊಗರಿನ ಬಟ್ಟೆಯಾದರೆ ಬಿಸಿಲು ತಾಗದ ಕಡೆ.