ಪಂಚಗಂಗಾ ಎಲ್ಲಿದೆ? ಎನ್‌ಟಿಇಎಸ್, 139, ಕೊಂಕಣ ರೈಲ್ವೆ ಸೈಟು: ನಾನು ಯಾವಾಗ ಯಾವುದನ್ನ ಕೇಳ್ತೇನೆ

ಬೆಂಗಳೂರಿನಿಂದ ಕುಮಟಾಕ್ಕೆ ನಾನು ಹೋಗುವುದು ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ. ಗಾಡಿ ನಂಬರು 16595. ಸಂಜೆ ಮೆಜೆಸ್ಟಿಕ್‌ನಲ್ಲಿ ಹತ್ತಿ ಮಲಗಿದರೆ ಬೆಳಿಗ್ಗೆ ಊರು. ಆಯಿ ಫೋನು ಮಾಡುವುದು ಒಂದೇ ಪ್ರಶ್ನೆ ಕೇಳೋಕೆ: "ತಮಾ, ಎಲ್ಲಿ ಬಂದೆ?" ಮಳೆಗಾಲ ಬಂತು ಅಂದರೆ ನಾನು ಮನೆ ಬಿಡುವ ಮೊದಲೇ ಇನ್ನೊಂದು ಪ್ರಶ್ನೆ ಸೇರಿಕೊಳ್ಳುತ್ತದೆ: "ಗಾಡಿ ಇದ್ದಾ ಇಲ್ಯಾ?"

ಎರಡೂ ಒಂದೇ ಥರದ ಪ್ರಶ್ನೆ ಅಂತ ಬಹಳ ದಿನ ಅಂದುಕೊಂಡಿದ್ದೆ. ಅಲ್ಲ. ಗಾಡಿ ಇದೆಯಾ ಅನ್ನೋದಕ್ಕೆ ಒಂದು ಕಡೆ ಕೇಳಬೇಕು, ಎಲ್ಲಿದೆ ಅನ್ನೋದಕ್ಕೆ ಇನ್ನೊಂದು ಕಡೆ, ನಮ್ಮ ಸ್ಟೇಷನ್ನಿಗೆ ಎಷ್ಟೊತ್ತಿಗೆ ಮುಟ್ಟುತ್ತದೆ ಅನ್ನೋದಕ್ಕೆ ಕೇಳಿದ ಮೇಲೆ ಸ್ವಲ್ಪ ತಲೆಯನ್ನೂ ಓಡಿಸಬೇಕು. ಕಳೆದ ಎರಡು ಮಳೆಗಾಲ ಒಂದೇ ಗಾಡಿಯ ಬಗ್ಗೆ ಎಲ್ಲಾ ಕಡೆ ಕೇಳುತ್ತಾ ಹೋದೆ. ಅಪ್ಪರ್ ಬರ್ತ್‌ನಲ್ಲಿ ನಿದ್ದೆ ಬರದವನಿಗೆ ಬೇರೆ ಏನು ಕೆಲಸ?

ಮೊದಲು ಈ ದಾರಿಯ ವಿಚಾರ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪಂಚಗಂಗಾ ಒಂದೇ ರಾತ್ರಿಯಲ್ಲಿ ಮೂರು ಮನೆಯ ಅಂಗಳ ದಾಟುತ್ತದೆ. ಕುಣಿಗಲ್, ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ತನಕ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆ. ಮಂಗಳೂರಿನ ಹತ್ತಿರ ಬಂದಾಗ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ. ತೋಕೂರು ದಾಟಿದ ಮೇಲೆ ಕೊಂಕಣ ರೈಲ್ವೆ. ಪ್ರಯಾಣಿಕನಿಗೆ ಇದೆಲ್ಲ ಯಾಕೆ ಬೇಕು ಅಂತೀರಾ? ಬೇಕು. ಸಕಲೇಶಪುರದ ಆಚೆಯ ಘಾಟಿಯಲ್ಲಿ ಗುಡ್ಡ ಕುಸಿದರೆ ಸುದ್ದಿ ಕೊಡುವವರು ಒಬ್ಬರು, ಹೊನ್ನಾವರದ ಆಚೆ ಗಾಡಿ ನಿಧಾನವಾದರೆ ಹೇಳುವವರು ಇನ್ನೊಬ್ಬರು.

ಇನ್ನು ಎನ್‌ಟಿಇಎಸ್. ಇದು ರೈಲ್ವೆಯದೇ ವಿಚಾರಣಾ ವ್ಯವಸ್ಥೆ, ಮಾಡಿದ್ದು ಕ್ರಿಸ್ ಅನ್ನುವ ರೈಲ್ವೆಯ ಕಂಪ್ಯೂಟರ್ ಸಂಸ್ಥೆ. ಸೈಟೂ ಇದೆ, ಆ್ಯಪ್ ಕೂಡ ಇದೆ. ನೋಡಲು ಚಂದವೇನಿಲ್ಲ, ಸರ್ಕಾರಿ ಅರ್ಜಿ ಫಾರಂ ಥರ ಇದೆ. ಆದರೆ ನನ್ನ ಲೆಕ್ಕದಲ್ಲಿ ಗಾಡಿ ಇದೆಯಾ ಇಲ್ಲವಾ ಅನ್ನುವ ಪ್ರಶ್ನೆಗೆ ಇದರ ಮುಂದೆ ಬೇರೆ ಯಾವುದೂ ಇಲ್ಲ. ರದ್ದಾದ ಗಾಡಿಗಳು, ಹೊರಡುವ ಹೊತ್ತು ಬದಲಾದ ಗಾಡಿಗಳು, ದಾರಿ ಬದಲಿಸಿದ ಗಾಡಿಗಳು ಅಂತ ಬೇರೆ ಬೇರೆ ಪಟ್ಟಿಗಳೇ ಇವೆ. ಜನ ಸಾಮಾನ್ಯವಾಗಿ ಇವನ್ನು ತೆರೆಯುವುದೇ ಇಲ್ಲ, ಸೀದಾ ಗಾಡಿ ನಂಬರು ಹಾಕಿ ನೋಡುತ್ತಾರೆ. 2024ರ ಜುಲೈ 26ರಂದು ಯಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ವಾರಕ್ಕಿಂತ ಜಾಸ್ತಿ ಘಾಟಿಯಲ್ಲಿ ಗಾಡಿ ಓಡಲಿಲ್ಲವಲ್ಲ, ಅಂಥ ದಿನಗಳಲ್ಲಿ ಬೇಕಾಗುವುದು ಈ ಪಟ್ಟಿಗಳೇ. ಅದರಲ್ಲೂ ಭಾಗಶಃ ರದ್ದು ಅನ್ನುವ ಪಟ್ಟಿ. ಗಾಡಿ ಬೆಂಗಳೂರಿನಿಂದ ಹೊರಟು ಅರ್ಧ ದಾರಿಯಲ್ಲಿ ನಿಂತರೆ ಅದು ಪೂರ್ತಿ ರದ್ದಾದ ಗಾಡಿ ಅಲ್ಲ, ಆದರೆ ಕುಮಟಾದವರಿಗೆ ರದ್ದೇ ಅಲ್ವಾ?

ಎನ್‌ಟಿಇಎಸ್‌ನಲ್ಲಿ ಎಡವುವುದು ತಾರೀಖಿನ ವಿಷಯದಲ್ಲಿ. ರಾತ್ರಿ ಗಾಡಿಯನ್ನು ಬೆಳಿಗ್ಗೆ ಹುಡುಕುವಾಗ ಗಾಡಿ ಹೊರಟ ದಿನ, ಅಂದರೆ ನಿನ್ನೆಯ ದಿನ ಆರಿಸಬೇಕು. ನಮ್ಮ ಪಕ್ಕದ ಮನೆಯ ಹುಡುಗ ಒಂದು ಸಲ ಬೆಳಗಿನ ಜಾವ ಇವತ್ತಿನ ತಾರೀಖು ಹಾಕಿ ನೋಡಿ, ಆಯಿಯ ಹತ್ತಿರ "ಗಾಡಿ ಬೆಂಗಳೂರೇ ಬಿಟ್ಟಿಲ್ಲ" ಅಂದುಬಿಟ್ಟಿದ್ದ. ಆಗ ನಾನು ಭಟ್ಕಳ ದಾಟಿ ಬ್ಯಾಗು ಕೆಳಗೆ ಇಳಿಸುತ್ತಿದ್ದೆ. ಆಯಿ ದೋಸೆ ಹಿಟ್ಟು ತೆಗೆದು ಒಳಗಿಟ್ಟಿದ್ದಳು.

ಸ್ಟೇಷನ್ ಕೋಡುಗಳದ್ದು ಇನ್ನೊಂದು ಕಥೆ. ಕುಮಟಾಕ್ಕೆ ಕೆಟಿ, ಹೊನ್ನಾವರಕ್ಕೆ ಎಚ್‌ಎನ್‌ಎ, ಇವು ಹೇಗೋ ಊಹಿಸಬಹುದು. ಬೆಂಗಳೂರಿನ ದೊಡ್ಡ ಸ್ಟೇಷನ್ನಿಗೆ ಸಂಗೊಳ್ಳಿ ರಾಯಣ್ಣನ ಹೆಸರು ಬಂದರೂ ಕೋಡು ಮಾತ್ರ ಹಳೆಯ ಎಸ್‌ಬಿಸಿ. ವಿಜಯಪುರಕ್ಕೆ ಬಿಜಾಪುರದ ಕಾಲದ ಬಿಜೆಪಿ. ಹೆಸರು ಹಾಕಿದರೂ ಸಿಗುತ್ತದೆ, ಆದರೆ ನಿಮ್ಮ ಊರಿನ ಕೋಡೊಂದು ಬಾಯಿಪಾಠ ಮಾಡಿಟ್ಟುಕೊಂಡರೆ ಕೆಲಸ ಬೇಗ ಮುಗಿಯುತ್ತದೆ.

ಗಾಡಿ ಈಗ ಎಲ್ಲಿದೆ ಅನ್ನುವುದು ಎನ್‌ಟಿಇಎಸ್‌ಗೆ ಹೇಗೆ ಗೊತ್ತಾಗುತ್ತದೆ? ಎರಡು ದಾರಿ. ಹಳೆಯ ದಾರಿ ಕಂಟ್ರೋಲ್ ಆಫೀಸಿನದು: ಗಾಡಿ ಸ್ಟೇಷನ್ ದಾಟಿದ ಹೊತ್ತು ಅಲ್ಲಿ ದಾಖಲಾಗುತ್ತದೆ, ಅದು ಇಲ್ಲಿಗೆ ಬರುತ್ತದೆ. ಹೊಸ ದಾರಿ ಆರ್‌ಟಿಐಎಸ್. ಇಸ್ರೋ ಜೊತೆ ಸೇರಿ ಕ್ರಿಸ್ ಇಂಜಿನ್‌ಗಳಿಗೆ ಉಪಗ್ರಹದ ಸಿಗ್ನಲ್ ಹಿಡಿಯುವ ಸಾಧನ ಕೂರಿಸುತ್ತಾ ಬಂದಿದೆ, ಅದು 30 ಸೆಕೆಂಡಿಗೊಮ್ಮೆ ತಾನೆಲ್ಲಿದ್ದೇನೆ ಅಂತ ಹೇಳುತ್ತದೆ. ಸಾಧನ ಇರುವುದು ಇಂಜಿನ್‌ನಲ್ಲಿ, ಬೋಗಿಯಲ್ಲಲ್ಲ. ಆವತ್ತು ಗಾಡಿಗೆ ಸಿಕ್ಕ ಇಂಜಿನ್‌ನಲ್ಲಿ ಅದು ಇಲ್ಲದಿದ್ದರೆ ಮತ್ತೆ ಹಳೆಯ ದಾರಿಯೇ, ಮಾಹಿತಿ ಹಳತಾಗಿರಬಹುದು. ಹಾಗಾಗಿ ಪರದೆಯಲ್ಲಿ ಸ್ಟೇಷನ್ ಹೆಸರಿಗಿಂತ ಮೊದಲು ನಾನು ನೋಡುವುದು ಆ ಮಾಹಿತಿ ಎಷ್ಟು ಹೊತ್ತಿಗೆ ಬಂದದ್ದು ಅನ್ನುವುದನ್ನು.

ಈ ಪಾಠ ನನಗೆ ಪುಕ್ಕಟೆ ಸಿಕ್ಕಿದ್ದಲ್ಲ. ಒಂದು ಆ್ಯಪ್, ಹೆಸರು ಬೇಡ, ಗಾಡಿ ಸರಿಯಾದ ಸಮಯಕ್ಕೆ ಓಡುತ್ತಿದೆ ಅಂತ ಹಸಿರು ಬಣ್ಣದಲ್ಲಿ ತೋರಿಸುತ್ತಿತ್ತು. ಮಾವ ಅದನ್ನು ನಂಬಿ ಮಳೆಯಲ್ಲಿ ಬೈಕು ತಗೊಂಡು ಸ್ಟೇಷನ್ನಿಗೆ ಬಂದು ಕೂತರು. ಗಾಡಿ ಬಂದಿದ್ದು ಎರಡು ಗಂಟೆಯ ಮೇಲೆ. ಆಮೇಲೆ ನೋಡಿದರೆ ಆ ಆ್ಯಪ್‌ಗೆ ಹೊಸ ಮಾಹಿತಿಯೇ ಬಂದಿರಲಿಲ್ಲ, ವೇಳಾಪಟ್ಟಿಯನ್ನೇ ಹಸಿರು ಬಣ್ಣ ಬಳಿದು ಎದುರಿಗೆ ಇಟ್ಟಿತ್ತು. ಮಾವ ಈಗಲೂ ನನ್ನ ಫೋನು ಕಂಡರೆ ನಗುತ್ತಾರೆ.

ಕೊಂಕಣ ರೈಲ್ವೆಯ ಸೈಟು ಬೇರೆಯೇ ಜಾತಿ. ಅದರಲ್ಲಿ ಗಾಡಿಗಳ ಈಗಿನ ಸ್ಥಿತಿ ಅಂತ ಒಂದು ಪುಟ ಇದೆ. ತಮ್ಮ ಹಳಿಯ ಮೇಲಿರುವ ಗಾಡಿಗಳೆಲ್ಲ ಒಂದೇ ಪಟ್ಟಿಯಲ್ಲಿ ಸಿಗುತ್ತವೆ: ಗಾಡಿ ನಂಬರು, ಯಾವ ಸ್ಟೇಷನ್, ಬಂತಾ ಬಿಟ್ಟಿತಾ, ಎಷ್ಟು ಹೊತ್ತಿಗೆ, ಎಷ್ಟು ತಡ. ಅಷ್ಟೇ. ನನಗೆ ಇಷ್ಟವಾಗಿದ್ದು ಇದೇ. ನಮ್ಮ ಗಾಡಿಯೊಂದೇ ಅಲ್ಲ, ಹಿಂದೆ ಮುಂದೆ ಇರುವ ಗಾಡಿಗಳೂ ಕಾಣುತ್ತವೆ, ಎಲ್ಲವೂ ತಡವಾಗಿದ್ದರೆ ದಾರಿಯಲ್ಲೇ ಏನೋ ಆಗಿದೆ ಅಂತ ಲೆಕ್ಕ. ಬಹುತೇಕ ಒಂಟಿ ಹಳಿಯ ಮಾರ್ಗ ಇದು. ಎದುರಿನ ಗಾಡಿ ತಡವಾದರೆ ನಮ್ಮದೂ ಯಾವುದಾದರೂ ಸ್ಟೇಷನ್ನಿನಲ್ಲಿ ಅದಕ್ಕೆ ಕಾಯುತ್ತಾ ನಿಲ್ಲಬೇಕಾಗಬಹುದು. ಒಂದು ಗಾಡಿಯನ್ನೇ ತೋರಿಸುವ ಪರದೆಯಲ್ಲಿ ಇದು ಹೊಳೆಯುವುದೇ ಇಲ್ಲ.

ಆದರೆ ಇದು ಅವರ ಅಂಗಳದ ಒಳಗೆ ಮಾತ್ರ. ಗಾಡಿ ಇನ್ನೂ ಸಕಲೇಶಪುರದಲ್ಲಿದ್ದಾಗ ಇಲ್ಲಿ ಹುಡುಕಿ ಪ್ರಯೋಜನವಿಲ್ಲ.

ಮುಂಬೈಯಿಂದ ಮತ್ಸ್ಯಗಂಧಾದಲ್ಲಿ ಬರುವ ತಂಗಿಗಂತೂ ನಾನು ಹೇಳುವುದು ಇದನ್ನೇ ನೋಡು ಅಂತ, ಯಾಕೆಂದರೆ ರೋಹಾದಿಂದ ಈಚೆಗೆ ಅವಳದು ಕೊಂಕಣ ರೈಲ್ವೆಯದೇ ದಾರಿ. ಜೊತೆಗೆ ಮಳೆಗಾಲದ ವೇಳಾಪಟ್ಟಿ ಅನ್ನುವ ತಲೆನೋವು ಬೇರೆ. ಮೊದಲೆಲ್ಲ ಜೂನ್ 10ರಿಂದ ಅಕ್ಟೋಬರ್ 31ರ ತನಕ ಇರುತ್ತಿತ್ತು, 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20 ಅಂತ ಮಾಡಿದರು. ಮಳೆ ಜೋರಾಗಿ ದಾರಿ ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರಿಗಿಂತ ಜಾಸ್ತಿ ಓಡಿಸಬಾರದು ಅಂತ ಲೋಕೋ ಪೈಲಟ್‌ಗಳಿಗೆ ಸೂಚನೆ ಇರುತ್ತದೆ, ಅದಕ್ಕೆ ತಕ್ಕಂತೆ ಬಹಳಷ್ಟು ಗಾಡಿಗಳ ಸಮಯ ಬದಲಾಗುತ್ತದೆ. ಬೇಸಿಗೆಯಲ್ಲಿ ತೆಗೆದಿಟ್ಟ ಸ್ಕ್ರೀನ್‌ಶಾಟ್ ನೋಡಿಕೊಂಡು ಜುಲೈನಲ್ಲಿ ಸ್ಟೇಷನ್ನಿಗೆ ಹೋಗುವವರು ನಮ್ಮ ಮನೆಯಲ್ಲೇ ಇದ್ದಾರೆ.

ಆಯಿಯ ಕೈಯಲ್ಲಿರುವುದು ಗುಂಡಿ ಒತ್ತುವ ಫೋನು. ಅವಳಿಗೆ ಸೈಟೂ ಇಲ್ಲ ಆ್ಯಪೂ ಇಲ್ಲ, ಇರುವುದು 139. ನಾನೂ ಇದನ್ನು ಸ್ವಲ್ಪ ಅಸಡ್ಡೆ ಮಾಡಿದ್ದೆ, ಈಗಿಲ್ಲ. ಮೊದಲು ರೈಲ್ವೆಗೆ ಒಂದೊಂದಕ್ಕೆ ಒಂದೊಂದು ಸಹಾಯವಾಣಿ ಇತ್ತು, ರಕ್ಷಣೆಗೆ 182 ಬೇರೆ. 2021ರಿಂದ ಅದೂ ಸೇರಿ ಎಲ್ಲದಕ್ಕೂ 139 ಒಂದೇ. 12 ಭಾಷೆಯಲ್ಲಿ ಕೇಳಬಹುದು. 1 ಒತ್ತಿದರೆ ರಕ್ಷಣೆ ಮತ್ತು ವೈದ್ಯಕೀಯ ಸಹಾಯ, 2 ಒತ್ತಿದರೆ ಗಾಡಿಯ ವಿಚಾರಣೆ, ನಕ್ಷತ್ರದ ಗುಂಡಿ ಒತ್ತಿದರೆ ಮನುಷ್ಯರ ಜೊತೆಗೇ ಮಾತಾಡಬಹುದು. ಒತ್ತುತ್ತಾ ಒತ್ತುತ್ತಾ ಹೋಗಬೇಕು, ನನ್ನಂಥ ಅವಸರದವನಿಗೆ ಆಗಿಬರುವುದಿಲ್ಲ. ಆಯಿಗೆ ಅವಸರವಿಲ್ಲ. ರೆಕಾರ್ಡ್ ಮಾಡಿದ ದನಿಗೂ "ಹಾಂ, ಸರಿ" ಅಂತ ಉತ್ತರ ಕೊಡುತ್ತಾಳೆ. ಎನ್‌ಟಿಇಎಸ್ ಮತ್ತು 139 ಎರಡನ್ನೂ ಒಂದೇ ಹೊತ್ತಿಗೆ ಕೇಳಿ ಹೋಲಿಸಿ ನೋಡಿದ್ದೆ, ಉತ್ತರ ಒಂದೇ. ಬರಲೇಬೇಕು, ಯಾಕೆಂದರೆ ಎರಡೂ ಒಂದೇ ಬಾವಿಯ ನೀರು. 139 ಎನ್‌ಟಿಇಎಸ್‌ನದೇ ಬಾಯಿ. ಎರಡು ಕಡೆ ಕೇಳಿ ಖಾತ್ರಿ ಮಾಡಿಕೊಂಡೆ ಅಂತ ಖುಷಿಪಡಬೇಡಿ, ನೀವು ಕೇಳಿದ್ದು ಒಬ್ಬರನ್ನೇ.

ಬೇರೆ ಬಾವಿಯಿಂದ ನೀರು ಸೇದುವ ಆ್ಯಪ್ ಒಂದಿದೆ, ಅದು ಸರ್ಕಾರದ್ದಲ್ಲ. ವೇರ್ ಈಸ್ ಮೈ ಟ್ರೈನ್. ಬೆಂಗಳೂರಿನ ಹುಡುಗರ ಕಂಪನಿ ಮಾಡಿದ್ದು, 2018ರ ಕೊನೆಗೆ ಗೂಗಲ್ ಕೊಂಡಿತು. ಗಾಡಿಯೊಳಗೆ ಕೂತಿದ್ದರೆ ಮೊಬೈಲ್ ಟವರ್ ನೋಡಿಯೇ ಎಲ್ಲಿದ್ದೇವೆ ಅಂತ ಹೇಳುತ್ತದೆ, ಇಂಟರ್ನೆಟ್ ಬೇಡ, ಜಿಪಿಎಸ್ ಬೇಡ. ಹಾಸನದ ತನಕ ಇದರಷ್ಟು ಚುರುಕು ಬೇರೆ ಇಲ್ಲ ಅಂತ ನನ್ನ ಅನುಭವ. ಆದರೆ ಸಕಲೇಶಪುರ ದಾಟಿ ಘಾಟಿಗೆ ಇಳಿದ ಮೇಲೆ? ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರು, 57 ಸುರಂಗ, ಕಾಡು, ನಡುರಾತ್ರಿ. ಟವರ್ ಇದ್ದರಲ್ಲವೇ ಹೇಳುವುದು. ಅಲ್ಲಿ ಗಾಡಿಯೂ ಗಂಟೆಗೆ 30ರ ಆಸುಪಾಸಿನಲ್ಲೇ ಇಳಿಯುತ್ತದೆ, ಫೋನು ಇಟ್ಟು ಮಲಗುವುದೇ ವಾಸಿ. ಮತ್ತೆ ಗಮನಿಸಿ, ಟವರ್ ಲೆಕ್ಕ ಗಾಡಿಯಲ್ಲಿ ಇರುವವರಿಗೆ ಮಾತ್ರ. ಕುಮಟಾದಲ್ಲಿ ಕೂತು ನನ್ನ ಗಾಡಿ ಹುಡುಕುವ ಮಾವನ ಫೋನಿಗೆ ಅವರ ಮನೆ ಹತ್ತಿರದ ಟವರ್ ಬಿಟ್ಟರೆ ಬೇರೇನು ಸಿಗುತ್ತದೆ!

ಈಗ ಮೂರನೆಯ ಪ್ರಶ್ನೆ, ಎಷ್ಟೊತ್ತಿಗೆ ಮುಟ್ಟುತ್ತದೆ. ಇಲ್ಲಿ ಯಾವ ಪರದೆಯನ್ನೂ ನಾನು ಹಾಗೇ ನಂಬುವುದಿಲ್ಲ. ರೈಲ್ವೆಯ ವೇಳಾಪಟ್ಟಿಯಲ್ಲಿ ಕೊನೆಯ ನಿಲ್ದಾಣದ ಹತ್ತಿರ ಸ್ವಲ್ಪ ಜಾಸ್ತಿ ಸಮಯ ಸೇರಿಸಿಟ್ಟಿರುತ್ತಾರೆ, ದಾರಿಯಲ್ಲಿ ತಡವಾದದ್ದನ್ನು ಅಲ್ಲಿ ಸರಿ ಮಾಡಿಕೊಳ್ಳಲು. ಅಂಕೋಲಾದಲ್ಲಿ ಅರ್ಧ ಗಂಟೆ ತಡ ಇದ್ದ ಗಾಡಿ ತನ್ನ ಕೊನೆಯ ನಿಲ್ದಾಣ ಕಾರವಾರಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಅದು ಪವಾಡ ಅಲ್ಲ. ಆದ್ದರಿಂದ ಕಾರವಾರದವರು ತಡವನ್ನು ಸ್ವಲ್ಪ ಕಮ್ಮಿ ಮಾಡಿ ಓದಿಕೊಳ್ಳಬಹುದು, ನಡುವೆ ಇಳಿಯುವ ನಮ್ಮಂಥವರಿಗೆ ಆ ಭಾಗ್ಯ ಇಲ್ಲ. ಪಾಲಕ್ಕಾಡ್‌ನವರ ತುಂಡು ದಾಟಿ ಸುರತ್ಕಲ್‌ನಲ್ಲಿ ಎಷ್ಟು ತಡ ಅಂತ ನೋಡಿ, ಅಷ್ಟನ್ನೇ ಕುಮಟಾಕ್ಕೂ ಹಿಡಿಯುತ್ತೇನೆ. ಸಾಮಾನ್ಯವಾಗಿ ಹತ್ತು ನಿಮಿಷದ ಒಳಗೆ ಸರಿಹೋಗುತ್ತದೆ.

ರೈಲ್‌ಒನ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. 2025ರ ಜುಲೈ 1ಕ್ಕೆ ಬಂದದ್ದು, ಇದೂ ಕ್ರಿಸ್‌ನದೇ. ರಿಸರ್ವೇಶನ್, ಜನರಲ್ ಟಿಕೆಟ್, ಪ್ಲಾಟ್‌ಫಾರಂ ಟಿಕೆಟ್, ಪಿಎನ್‌ಆರ್, ಗಾಡಿ ಎಲ್ಲಿದೆ, ದೂರು, ಎಲ್ಲಾ ಒಂದೇ ಕಡೆ. ಟಿಕೆಟ್ಟಿಗೆ ಇದನ್ನೇ ಬಳಸುತ್ತಿದ್ದೇನೆ, ಎರಡು ಮೂರು ಆ್ಯಪ್ ಕಮ್ಮಿಯಾಯಿತು. ಗಾಡಿ ಎಲ್ಲಿದೆ ಅನ್ನುವ ವಿಷಯದಲ್ಲಿ ಎನ್‌ಟಿಇಎಸ್‌ಗಿಂತ ಹೊಸದೇನೂ ನನಗೆ ಕಾಣಲಿಲ್ಲ. ಇನ್ನು ಪಿಎನ್‌ಆರ್ ನೋಡಲು ರೈಲ್ವೆಯ ಹಳೆಯ ಸೈಟೂ ಇದೆ, ಅದು ಮೊದಲು ಒಂದು ಕೂಡುವ ಅಥವಾ ಕಳೆಯುವ ಲೆಕ್ಕ ಮಾಡಿಸಿಯೇ ಉತ್ತರ ಕೊಡುವುದು. ವೇಟಿಂಗ್ ಲಿಸ್ಟ್‌ನಲ್ಲಿ ಇದ್ದು ತಲೆ ಕೆಟ್ಟಿರುವಾಗ ಮೂರಂಕಿಯ ಲೆಕ್ಕ!

ಕುಮಟಾ ಸ್ಟೇಷನ್ನಿನಲ್ಲಿ ಇಳಿದ ಮೇಲೆ ನಮ್ಮ ಹಳ್ಳಿಗೆ ಬಸ್ಸು. ಇಲ್ಲಿ ಹೋಲಿಸಲು ಜಾಸ್ತಿ ಏನಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಸೀಟು ಕಾಯ್ದಿರಿಸಿದಾಗ ಬಸ್ಸಿನ ನಂಬರು, ಕಂಡಕ್ಟರ್ ಫೋನ್ ನಂಬರು ಎರಡೂ ಮೆಸೇಜಿನಲ್ಲಿ ಬಂದಿತ್ತು, ಫೋನು ಮಾಡಿದರೆ "ಎಲ್ಲಿದ್ದೀರಿ, ಬನ್ನಿ ಬನ್ನಿ, ಎರಡು ನಿಮಿಷ ನಿಲ್ಲಿಸ್ತೇನೆ" ಅಂದರು, ಇಷ್ಟು ಒಳ್ಳೆ ಮಾಹಿತಿ ವ್ಯವಸ್ಥೆ ರೈಲಿನಲ್ಲಿ ಎಲ್ಲಿದೆ ಹೇಳಿ. ಆದರೆ ಹಳ್ಳಿ ಕಡೆಯ ಕೆಂಪು ಬಸ್ಸಿಗೆ ರಿಸರ್ವೇಶನ್ ಇಲ್ಲ, ಮೆಸೇಜೂ ಇಲ್ಲ. ಅದಕ್ಕೆ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಕಿಟಕಿಯೇ ಗತಿ. ಗಾಡಿ ತಡವಾದ ದಿನ ಎಂಟೂವರೆಯ ಬಸ್ಸು ಹೋಯಿತಾ ಅಂತ ಅಲ್ಲಿ ಬಗ್ಗಿ ಕೇಳಬೇಕು. ಹೋಗಿದ್ದರೆ ಆಯಿಗೆ ಫೋನು ಮಾಡಬೇಕು, ಅವಳು ಮಾವನಿಗೆ ಹೇಳಬೇಕು, ಮಾವ ಮತ್ತೆ ಬೈಕು ತೆಗೆಯಬೇಕು.